ಸಾಹಿತ್ಯವಿಲ್ಲದ ಸಂಗೀತ: ಜಾನ್ ಫೇಹಿಯ ಗಿಟಾರುವಾದನವನ್ನು ಕುರಿತು

ನಮ್ಮ ಸಂಗೀತಗಾರರ ಪರಿಭಾಷೆಯಲ್ಲಿ ಹಾಡಿನ ಮಾತಿಗೆ ‘ಸಾಹಿತ್ಯ’ವೆಂದು ಹೆಸರು. ‘ಈ ಕೀರ್ತನೆಯ ಸಾಹಿತ್ಯ ಯಾರದು?’ ಎಂದು ಕೇಳುವಾಗ ನಾವು ಕಾವ್ಯನಾಟಕಗಳನ್ನು ನೆನೆಯುವುದಿಲ್ಲ. ಸ್ವರದ ಮೇಲೆ ಕುಳಿತಿರುವ ಶಬ್ದಗಳನ್ನಷ್ಟೇ ನೆನೆಯುತ್ತೇವೆ. ಈ ಅರ್ಥದಲ್ಲಿ ಸಾಹಿತ್ಯವೇ ಇಲ್ಲದ ಸಂಗೀತವೊಂದನ್ನು ಕುರಿತು ಸಾಹಿತ್ಯ ಸಂಘದ ಮಾಸಪತ್ರಿಕೆಯಲ್ಲಿ ಬರೆಯಹೊರಟಿರುವುದು ವಾಚಕರಿಗೆ ವಿಪರೀತವಾಗಿ ತೋರಬಹುದು. ನಾನು ಈ ವಿಷಯವನ್ನು ಪ್ರಸ್ತಾಪಿಸಿದಾಗ ಸಂಘದ ಹಿರಿಯ ಮಿತ್ರರೊಬ್ಬರು, ‘ಮಾತೇ ಇಲ್ಲದ ಕಡೆ ನಮಗೇನು ಕೆಲಸ, ರಾಯರೆ?’ ಎಂದು ನಕ್ಕರು. ಆ ಹೊತ್ತಿಗೆ ನನಗೆ ತಕ್ಕ ಉತ್ತರ ತೋಚಲಿಲ್ಲ. ಈ ಲೇಖನವನ್ನು ಅವರಿಗೆ ಸಲ್ಲಬೇಕಾದ ಉತ್ತರವೆಂದೇ ಭಾವಿಸಬಹುದು.

ಮಾತನ್ನು ಉಪಾಸಿಸುವವರಿಗೆ ಮಾತಿನ ಎಲ್ಲೆ ಎಲ್ಲಿಗೆ ಮುಗಿಯುವುದೆಂಬುದೂ ತಿಳಿದಿರಬೇಕಷ್ಟೆ. ಈ ಪ್ರಶ್ನೆ ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ತನ್ನ ‘ಧ್ವನ್ಯಾಲೋಕ’ದಲ್ಲಿ ವ್ಯಂಜಕಶಕ್ತಿಯು ವಾಚಕಶಕ್ತಿಗಿಂತ ಬೇರೆಯೆಂದು ಸಾಧಿಸುವಾಗ ಗೀತದ ನಾದವನ್ನು ನಿದರ್ಶನವಾಗಿ ತೆಗೆದುಕೊಳ್ಳುತ್ತಾನೆ. ಗೀತದ ನಾದಕ್ಕೆ ವಾಚ್ಯಾರ್ಥವಿಲ್ಲ. ಆದರೂ ಅದರಿಂದ ರಸದ ಪ್ರತೀತಿಯಾಗುವುದುಂಟು. ಆದಕಾರಣ ಅರ್ಥವನ್ನು ಹೇಳುವ ಶಕ್ತಿಯೂ ರಸವನ್ನು ಸೂಚಿಸುವ ಶಕ್ತಿಯೂ ಒಂದೇ ಅಲ್ಲವೆಂಬುದು ಅವನ ವಾದದ ಸಾರ. ಧ್ವನಿಸಿದ್ಧಾಂತವನ್ನು ಕಟ್ಟಿದವನೇ ಮಾತಿಲ್ಲದ ಸಂಗೀತದ ಸಾಕ್ಷ್ಯವನ್ನು ಬೇಡಿದನೆಂದ ಮೇಲೆ, ಆ ಸಾಕ್ಷಿಯನ್ನು ನಾವೂ ಒಮ್ಮೆ ವಿಚಾರಿಸುವುದರಲ್ಲಿ ತಪ್ಪೇನಿದೆ?

ವೀಣೆ ಕೊಳಲುಗಳನ್ನು ನಾವು ಕೇಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಿದ್ದೇವೆ. ಆದರೆ ವೈಣಿಕರು ದೇವರನಾಮವೊಂದನ್ನು ನುಡಿಸುತ್ತಿದ್ದರೆ ನಮ್ಮಲ್ಲಿ ಬಹುಮಂದಿ ತುಟಿ ಅಲುಗಿಸದೆ ಅದರ ಮಾತನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿರುತ್ತೇವೆ. ತಂತಿ ಬಿಟ್ಟ ಜಾಗವನ್ನು ನೆನಪು ತುಂಬುತ್ತದೆ. ಆಲಾಪನೆ ತಾನಗಳಲ್ಲಿ ಮಾತಿಲ್ಲವೆಂಬುದು ನಿಜ. ಆದರೂ ಅಲ್ಲಿ ರಾಗದ ಪರಿಚಯ ನಮ್ಮ ಕೈಹಿಡಿದು ನಡೆಸುತ್ತದೆ. ಮಾತಿನ ನೆನಪೂ ಇಲ್ಲದೆ, ರಾಗದ ಪರಿಚಯವೂ ಇಲ್ಲದೆ, ಬರಿಯ ತಂತಿಯ ಎದುರಿಗೆ ಕುಳಿತುಕೊಳ್ಳುವ ಸಂದರ್ಭ ನಮಗೆ ಒದಗುವುದು ವಿರಳ. ನನಗೆ ಅದು ಒದಗಿದ್ದು ಅಮೆರಿಕದ ಜಾನ್ ಫೇಹಿ ಎಂಬ ಗಿಟಾರುವಾದಕನ ಧ್ವನಿಮುದ್ರಿಕೆಗಳಿಂದ.

ಪರದೇಶದಲ್ಲಿ ಓದಿಬಂದ ನನ್ನ ಸೋದರಳಿಯನು ಒಂದು ಸಂಜೆ ಇದನ್ನು ಕೇಳಿಸಿದನು. ನಾನು ಸ್ವಲ್ಪ ಹೊತ್ತು ಸಹನೆಯಿಂದಿದ್ದು, ‘ಶ್ರುತಿ ಮಾಡಿಕೊಂಡದ್ದು ಸಾಕು, ಹಾಡನ್ನು ಯಾವಾಗ ಮೊದಲುಮಾಡುತ್ತಾನೆ?’ ಎಂದೆನು. ‘ಮಾವ, ಹಾಡು ಮೊದಲಾಗಿ ಐದು ನಿಮಿಷವಾಯಿತು’ ಎಂದು ಅವನೆಂದನು. ನನಗೆ ನಾಚಿಕೆಯೂ ಆಯಿತು, ಬೇಸರವೂ ಆಯಿತು. ಆ ದಿನ ಎದ್ದುಹೋದೆನು. ಎರಡು ದಿನಗಳ ಮೇಲೆ ಬೇರೇನನ್ನೋ ಮಾಡುತ್ತಿರುವಾಗ ಆ ಹೆಬ್ಬೆರಳಿನ ನಡಿಗೆ ಮಾತ್ರ ತಾನಾಗಿ ತಲೆಯೊಳಗೆ ನಡೆಯತೊಡಗಿತು. ಕೇಳಿ ಹಳಿದ ಸಂಗೀತ ಕೇಳದಿರುವಾಗ ಬಂದು ಬಾಗಿಲು ತಟ್ಟಿದರೆ ಅದನ್ನು ಮತ್ತೊಮ್ಮೆ ಒಳಗೆ ಕರೆಯುವುದೇ ನ್ಯಾಯವೆಂದು ತೋರಿತು.

ಇಂಥದೇ ಅನುಭವವೊಂದು ಫೇಹಿಯ ಬಾಳಿನಲ್ಲಿಯೂ ನಡೆದಿತ್ತೆಂದು ಅನಂತರ ತಿಳಿದುಬಂತು. ಅವನು ಹುಟ್ಟಿದ್ದು ೧೯೩೯ರಲ್ಲಿ, ವಾಷಿಂಗ್‌ಟನ್ ನಗರದಲ್ಲಿ. ಬೆಳೆದದ್ದು ಅದರ ಮಗ್ಗುಲಿನ ಟಕೋಮ ಪಾರ್ಕ್ ಎಂಬ ಊರಿನಲ್ಲಿ. ಹದಿಮೂರರ ಸುಮಾರಿನಲ್ಲಿ ೧೭ ಡಾಲರು ಕೊಟ್ಟು ಒಂದು ಸಾಧಾರಣ ಗಿಟಾರನ್ನು ತರಿಸಿಕೊಂಡು ತನ್ನಷ್ಟಕ್ಕೆ ಕಲಿತನು. ಗೆಳೆಯರೊಡನೆ ಹಳೆಯ ಗ್ರಾಮಫೋನು ತಟ್ಟೆಗಳನ್ನು ಹುಡುಕುತ್ತ ಅಲೆಯುತ್ತಿದ್ದ ಕಾಲದಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕುರುಡ ಕರಿಯ ಗಾಯಕನ ಭಕ್ತಿಗೀತವೊಂದು ಅವನ ಕಿವಿಗೆ ಬಿತ್ತು. ಮೊದಲು ಅವನಿಗೆ ಅದು ಹೇಸಿಗೆಯನ್ನೇ ತಂದಿತಂತೆ. ಆದರೆ ಮನಸ್ಸು ಅದನ್ನು ಬಿಡಲಿಲ್ಲ. ಮತ್ತೊಮ್ಮೆ ಹಾಕಿಸಿ ಕೇಳಿದಾಗ ಕಣ್ಣೀರು ಬಂತು. ಅಲ್ಲಿಂದ ಮುಂದಿನ ಅವನ ಬಾಳೆಲ್ಲ ಆ ಎರಡನೆಯ ಸಲದ ಕೇಳ್ಮೆಯ ಫಲವೆಂದು ಹೇಳಬಹುದು.

೧೯೫೯ರಲ್ಲಿ, ಇಪ್ಪತ್ತು ವರ್ಷದ ತರುಣನಾಗಿದ್ದಾಗ, ಫೇಹಿಯು ತನ್ನ ಮೊದಲ ಧ್ವನಿಮುದ್ರಿಕೆಯನ್ನು ಸ್ವಂತ ಖರ್ಚಿನಲ್ಲಿ ಹೊರಡಿಸಿದನು. ಅಚ್ಚಾದ ಪ್ರತಿಗಳು ಸುಮಾರು ನೂರು. ಪ್ರಕಾಶನಕ್ಕೆ ತನ್ನ ಊರಿನ ಹೆಸರನ್ನೇ ಇಟ್ಟು ‘ಟಕೋಮ’ ಎಂದು ಕರೆದನು. ಮುದ್ರಿಕೆಯ ಒಂದು ಕಡೆ ಜಾನ್ ಫೇಹಿ ಎಂಬ ಹೆಸರಿದ್ದರೆ ಮತ್ತೊಂದು ಕಡೆ ‘ಬ್ಲೈಂಡ್ ಜೋ ಡೆತ್’ ಎಂಬ ಹೆಸರಿತ್ತು. ಅಂಥ ವಾದಕನು ಯಾರೂ ಇರಲಿಲ್ಲ. ಎರಡು ಕಡೆಯೂ ನುಡಿಸಿದವನು ಒಬ್ಬನೇ. ಹಳೆಯ ಕುರುಡ ಗಾಯಕರ ಹೆಸರುಗಳ ಅಣಕವಾಗಿ ಅದನ್ನು ಕಟ್ಟಿದ್ದನು. ಕೆಲವು ಪ್ರತಿಗಳನ್ನು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಗುಟ್ಟಾಗಿ ಸೇರಿಸಿಬಂದನೆಂದೂ ಹೇಳುತ್ತಾರೆ. ಇದೇ ಕೃತಿಗಳನ್ನು ೧೯೬೪ರಲ್ಲಿಯೂ ೧೯೬೭ರಲ್ಲಿಯೂ ಮತ್ತೆ ನುಡಿಸಿ ಹೊರತಂದನು.

ಈ ಅಣಕವನ್ನು ವಿಮರ್ಶಕನು ನಕ್ಕು ಬಿಡಲಾಗದು. ಬ್ಲೂಸ್ ಎಂಬ ಗೀತಪ್ರಕಾರವನ್ನು ಬೆಳೆಸಿದವರು ಅಮೆರಿಕದ ದಕ್ಷಿಣ ಸೀಮೆಯ ಕರಿಯ ಜನ. ಹತ್ತಿಯ ಹೊಲಗಳಲ್ಲಿ ದುಡಿದು, ಅವಮಾನವನ್ನು ನುಂಗಿ, ಅಂಥ ಬಾಳನ್ನೇ ಹಾಡಿಕೊಂಡವರು. ಅವರ ಹಾಡಿನಲ್ಲಿ ಗಿಟಾರು ಒಂಟಿಯಾಗಿರುವುದಿಲ್ಲ. ಗಾಯಕನು ಒಂದು ಸಾಲು ಹೇಳಿದರೆ ತಂತಿ ಅದಕ್ಕೆ ಓಗೊಡುತ್ತದೆ. ಸುಖವಾಗಿ ಬೆಳೆದ ಬಿಳಿಯ ಹುಡುಗನೊಬ್ಬನು ಆ ಸಾಲನ್ನು ತೆಗೆದುಹಾಕಿ ಓಗೊಡುವ ತಂತಿಯನ್ನು ಮಾತ್ರ ಇಟ್ಟುಕೊಂಡು, ಮೇಲೆ ಆ ಕುರುಡರ ಹೆಸರಿನಲ್ಲಿ ವಿನೋದವಾಡಿದನೆಂದರೆ, ಇದು ಪರರ ದುಃಖವನ್ನು ಬಿಟ್ಟು ದುಃಖದ ಒಡವೆಯನ್ನು ಎತ್ತಿಕೊಂಡಂತಾಗಲಿಲ್ಲವೇ?

ಆಕ್ಷೇಪಣೆ ಗಟ್ಟಿಯಾದದ್ದು. ಇದಕ್ಕೆ ಸಮಾಧಾನವನ್ನು ಅವನ ಮಾತಿನಲ್ಲಿ ಅಲ್ಲ, ನಡತೆಯಲ್ಲಿ ಹುಡುಕಬೇಕು. ೧೯೬೩ರಲ್ಲಿ ಅವನೂ ಅವನ ಗೆಳೆಯನೂ ಸೇರಿ, ಜಗತ್ತು ಮರೆತಿದ್ದ ಬುಕ್ಕ ವೈಟ್ ಎಂಬ ಹಳೆಯ ಗಾಯಕನನ್ನು ಪತ್ತೆಮಾಡಿದರು. ಆತನ ಹಾಡೊಂದರಲ್ಲಿ ಅಬರ್ಡೀನ್ ಎಂಬ ಊರಿನ ಹೆಸರು ಬರುತ್ತದೆಂಬ ಒಂದೇ ಆಧಾರದ ಮೇಲೆ ಆ ಊರಿನ ಅಂಚೆಮನೆಗೆ ‘ಹಳೆಯ ಬ್ಲೂಸ್ ಗಾಯಕ’ ಎಂದು ವಿಳಾಸ ಬರೆದು ಕಾಗದ ಹಾಕಿದರು; ಕಾಗದ ಹೇಗೋ ಸೇರಬೇಕಾದವನನ್ನು ಸೇರಿತು. ಮರುವರ್ಷ ಮಿಸಿಸಿಪಿ ಸೀಮೆಯ ಆಸ್ಪತ್ರೆಯೊಂದರಲ್ಲಿ ಸ್ಕಿಪ್ ಜೇಮ್ಸ್ ಎಂಬ ಮತ್ತೊಬ್ಬ ಗಾಯಕನನ್ನು ಕಂಡುಹಿಡಿದವರಲ್ಲಿಯೂ ಫೇಹಿ ಒಬ್ಬನು. ೧೯೩೪ರಲ್ಲಿ ತೀರಿಹೋದ ಚಾರ್ಲಿ ಪ್ಯಾಟನ್ ಎಂಬ ಬ್ಲೂಸ್ ಗಾಯಕನನ್ನು ಕುರಿತು ಕ್ಯಾಲಿಫೋರ್ನಿಯದ ವಿಶ್ವವಿದ್ಯಾಲಯದಲ್ಲಿ ಜಾನಪದದ ಪ್ರಬಂಧ ಬರೆದನು. ಅದು ೧೯೭೦ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅಣಕ ಮಾಡಿದ ಹುಡುಗನು ಋಣವನ್ನು ಅರಿಯದವನಾಗಿರಲಿಲ್ಲ. ಆದರೂ ಆ ಕಲ್ಪಿತ ಹೆಸರಿನ ಚುಚ್ಚು ನನ್ನ ಮನಸ್ಸಿನಿಂದ ಪೂರ್ತಿ ಹೋಗಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇನ್ನು ವಾದ್ಯದ ವಿಚಾರ. ಫೇಹಿಯ ಗಿಟಾರಿಗೆ ಉಕ್ಕಿನ ತಂತಿಗಳು ಆರು. ಈ ಲೇಖನಕ್ಕೆ ವಿಷಯವಾದ ಕೃತಿಗಳಲ್ಲಿ ವಿದ್ಯುತ್ತಿನ ಸಹಾಯವಿಲ್ಲ, ಮರದ ಒಡಲೇ ನಾದವನ್ನು ದೊಡ್ಡದು ಮಾಡತಕ್ಕದ್ದು. ಬಲಗೈಯ ಬೆರಳುಗಳಿಗೆ ಕೃತಕವಾದ ನಖಗಳನ್ನು ತೊಟ್ಟು, ಹೆಬ್ಬೆರಳಿನಿಂದ ಕೆಳಸ್ಥಾಯಿಯ ತಂತಿಗಳನ್ನೂ ಉಳಿದ ಬೆರಳುಗಳಿಂದ ಮೇಲುಸ್ಥಾಯಿಯ ತಂತಿಗಳನ್ನೂ ಮೀಟುತ್ತಾನೆ. ಹೆಬ್ಬೆರಳು ತಪ್ಪದೆ ಒಂದು ತಂತಿಯಿಂದ ಮತ್ತೊಂದಕ್ಕೆ ಹೆಜ್ಜೆಹಾಕುತ್ತಿರುತ್ತದೆ. ಬೆರಳುಗಳು ಅದರ ಮೇಲೆ ತಮ್ಮ ಇಷ್ಟದಂತೆ ಆಡುತ್ತವೆ. ನಮ್ಮ ವೈಣಿಕರು ಕಿರುಬೆರಳಿನಿಂದ ತಾಳದ ತಂತಿಗಳನ್ನು ಮೀಟುವುದನ್ನು ಕಂಡವರಿಗೆ ಈ ಕೆಲಸದ ಹಂಚಿಕೆ ಅಪರಿಚಿತವೆನಿಸದು. ಆದರೆ ವೀಣೆಯಲ್ಲಿ ತಾಳದ ತಂತಿ ಕಾವಲುಗಾರನಂತೆ ಒಂದೇ ಕಡೆ ನಿಂತಿರುತ್ತದೆ. ಇಲ್ಲಿ ಹೆಬ್ಬೆರಳು ತಾನೂ ಪಯಣ ಹೊರಟಿರುತ್ತದೆ. ಒಬ್ಬನೇ ನುಡಿಸುತ್ತಿದ್ದರೂ ಇಬ್ಬರು ಕುಳಿತಿರುವಂತೆ ಕೇಳಿಬರುವುದು ಇದರಿಂದಲೇ.

ಎರಡನೆಯ ಸಂಗತಿ ಶ್ರುತಿಯದು. ಗಿಟಾರಿನ ವಾಡಿಕೆಯ ಶ್ರುತಿಯನ್ನು ಬಿಟ್ಟು, ಬಿರಡೆಗಳನ್ನು ತಿರುಗಿಸಿ, ಬರಿಯ ತಂತಿಗಳನ್ನು ಮೀಟಿದರೇ ಒಂದು ಮೇಳ ಹೊರಡುವಂತೆ ಅವನು ಕೂಡಿಸಿಕೊಳ್ಳುತ್ತಿದ್ದನು. ಅವನಿಗೆ ಪ್ರಿಯವಾದ ಒಂದು ಶ್ರುತಿಯನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಕೆಳಗಿನಿಂದ ಮೇಲಕ್ಕೆ ಸ-ಪ-ಸ-ಪ-ಸ-ಗ ಎಂದಾಗುತ್ತದೆ, ಕೊನೆಯದು ಅಂತರಗಾಂಧಾರ. ತಂಬೂರಿಯ ಕಿವಿಯುಳ್ಳವರಿಗೆ ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ಬೇಕೆ? ನಾನು ಮೊದಲ ದಿನ ‘ಶ್ರುತಿ ಮಾಡಿಕೊಳ್ಳುತ್ತಿದ್ದಾನೆ’ ಎಂದು ತಪ್ಪು ತಿಳಿದದ್ದು ಕೂಡ ಸಂಪೂರ್ಣವಾಗಿ ತಪ್ಪಲ್ಲವೆಂದು ಈಗ ಅನ್ನಿಸುತ್ತದೆ. ಈ ಸಂಗೀತದಲ್ಲಿ ಶ್ರುತಿ ಹಾಡಿನ ಹಿಂದೆ ನಿಲ್ಲುವುದಿಲ್ಲ. ಶ್ರುತಿಯ ಒಡಲಿನಿಂದಲೇ ಹಾಡು ಹುಟ್ಟುತ್ತದೆ.

ಮೂರನೆಯ ಸಂಗತಿ ನಾದದ ಆಯುಸ್ಸು. ಪಿಟೀಲಿನಲ್ಲಿ ಕಮಾನು ಓಡುವವರೆಗೂ ಸ್ವರ ಬದುಕಿರುತ್ತದೆ. ಮೀಟಿದ ತಂತಿಯ ಸ್ವರವಾದರೋ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ವೈಣಿಕನು ಇದನ್ನು ಗಮಕದಿಂದ ಗೆಲ್ಲುತ್ತಾನೆ. ತಂತಿಯನ್ನು ಎಳೆದು, ಸಾಯುತ್ತಿರುವ ಸ್ವರದಿಂದಲೇ ಮತ್ತೊಂದನ್ನು ಎಬ್ಬಿಸುತ್ತಾನೆ. ಫೇಹಿಯಲ್ಲಿ ಗಮಕ ಸ್ವಲ್ಪ. ಅವನ ಉಪಾಯ ಬೇರೆ. ಹಿಂದಿನ ಸ್ವರ ಆರಿಹೋಗುವ ಮೊದಲೇ ಮುಂದಿನದನ್ನು ಅದರ ಪಕ್ಕದಲ್ಲಿಡುತ್ತಾನೆ. ಎರಡೂ ಒಂದು ಗಳಿಗೆ ಕೂಡಿ ಬಾಳುತ್ತವೆ. ಆಮೇಲೆ ಹಳೆಯದು ಹೊಸದಕ್ಕೆ ಎಡೆಗೊಟ್ಟು ಹೋಗುತ್ತದೆ. ನಿಧಾನವಾದ ಕೃತಿಗಳಲ್ಲಿ ಕಿವಿಗೊಟ್ಟು ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಅವನ ಸಂಗೀತದಲ್ಲಿ ನಾನು ಕಾಣುವ ವಿಷಾದದ ಮೂಲ ರಾಗಚ್ಛಾಯೆಯಲ್ಲಿಲ್ಲ. ಸ್ವರಗಳು ತೀರಿಕೊಳ್ಳುವ ರೀತಿಯಲ್ಲಿದೆ.

ಈಗ ಎರಡು ಕೃತಿಗಳನ್ನು ತೆಗೆದುಕೊಂಡು ಮೊದಲಿನ ಪ್ರಶ್ನೆಯನ್ನು ಪರೀಕ್ಷಿಸೋಣ. ಮೊದಲನೆಯದು ೧೯೫೯ರ ಮುದ್ರಿಕೆಯಲ್ಲಿರುವ ‘ಇನ್ ಕ್ರೈಸ್ಟ್ ದೇರ್ ಈಸ್ ನೋ ಈಸ್ಟ್ ಆರ್ ವೆಸ್ಟ್’. ಇದು ಚರ್ಚಿನಲ್ಲಿ ಹಾಡುವ ಪ್ರಾರ್ಥನಾಗೀತದ ಧಾಟಿ. ಮಾತನ್ನು ಬಿಟ್ಟು ಧಾಟಿಯನ್ನು ಮಾತ್ರ ನುಡಿಸಿದ್ದಾನೆ. ಆ ಸಭೆಗಳಲ್ಲಿ ಬೆಳೆದ ಶ್ರೋತೃವಿಗೆ, ನಮಗೆ ದೇವರನಾಮದಲ್ಲಿ ಆಗುವಂತೆ, ಮಾತು ಮನಸ್ಸಿನಲ್ಲಿ ಮೊಳಗೀತು. ನನಗೆ ಆ ಮಾತು ಬಾರದು. ಆದರೂ ಧಾಟಿ ನನಗೆ ಒಡ್ಡಿದ್ದೇನು? ಒಂದು ಸಾಮಾನ್ಯವಾದ, ಊರ ಜನ ಸೇರಿ ಹೇಳಬಹುದಾದ ಏರಿಳಿತ. ಅದರ ಕೆಳಗೆ ದುಡುಕದ, ಅಂಜದ ಹೆಬ್ಬೆರಳು. ಒಬ್ಬನೇ ನುಡಿಸುತ್ತಿದ್ದರೂ ಬಹುಮಂದಿಯ ನಡುವೆ ನಿಂತ ನೆಮ್ಮದಿ ಅದರಲ್ಲಿತ್ತು. ಆ ಗೀತದ ದೇವರು ಯಾರೆಂಬುದನ್ನು ತಂತಿ ಹೇಳಲಿಲ್ಲ. ಜನ ಒಟ್ಟಿಗೆ ನಿಂತು ತಲೆಬಾಗುವುದೆಂದರೇನೆಂಬುದನ್ನು ಹೇಳಿತು. ವಾಚ್ಯ ಹೋಯಿತು, ವ್ಯಂಗ್ಯ ಉಳಿಯಿತು. ಆನಂದವರ್ಧನನ ಸಾಕ್ಷಿ ಸುಳ್ಳು ನುಡಿಯಲಿಲ್ಲ.

ಎರಡನೆಯದು ಇಷ್ಟು ಸುಲಭವಲ್ಲ. ೧೯೭೩ರಲ್ಲಿ ಫೇಹಿಯು ‘ಫೇರ್ ಫಾರ್ವರ್ಡ್ ವಾಯೆಜರ್ಸ್’ ಎಂಬ ಮುದ್ರಿಕೆಯನ್ನು ಹೊರತಂದನು. ಅದರಲ್ಲಿರುವುದು ಮೂರೇ ಕೃತಿಗಳು. ಕೊನೆಯದೊಂದೇ ತಟ್ಟೆಯ ಒಂದು ಮಗ್ಗುಲನ್ನೆಲ್ಲ ತುಂಬುತ್ತದೆ. ಹೆಸರುಗಳ ಮೂಲ ಎಲಿಯಟ್ ಕವಿಯ ‘ಫೋರ್ ಕ್ವಾರ್ಟೆಟ್ಸ್’ ಎಂಬ ಕಾವ್ಯ. ಎಲಿಯಟ್ಟನು ಹಾರ್ವರ್ಡಿನಲ್ಲಿ ಸಂಸ್ಕೃತವನ್ನು ಓದಿದವನು. ೧೯೪೧ರಲ್ಲಿ ಪ್ರಕಟವಾದ ಆ ಕಾವ್ಯದ ಮೂರನೆಯ ಭಾಗದಲ್ಲಿ, ಕೃಷ್ಣನು ಅರ್ಜುನನಿಗೆ ಮಾಡಿದ ಉಪದೇಶವನ್ನು ನೆನೆಯುತ್ತಾನೆ. ಹೀಗೆ ಕುರುಕ್ಷೇತ್ರವು ಇಂಗ್ಲಿಷ್ ಕಾವ್ಯದ ಮಾರ್ಗವಾಗಿ ಒಂದು ಗಿಟಾರಿನ ತಂತಿಯನ್ನು ಸೇರಿತು. ಮುದ್ರಿಕೆಯ ಎರಡನೆಯ ಕೃತಿಯ ಹೆಸರು ‘ದಸ್ ಕೃಷ್ಣ ಆನ್ ದಿ ಬ್ಯಾಟಲ್‌ಫೀಲ್ಡ್’, ಎಂದರೆ ‘ರಣಭೂಮಿಯಲ್ಲಿ ಕೃಷ್ಣನು ಹೀಗೆ’.

ಈ ಹೆಸರನ್ನು ಓದಿದ ಕನ್ನಡಿಗನ ಮನಸ್ಸಿನಲ್ಲಿ ಏನೇನು ಏಳುತ್ತದೆಂಬುದನ್ನು ಹೇಳಬೇಕಾಗಿಲ್ಲ. ಗಮಕಿಗಳ ಬಾಯಲ್ಲಿ ಗದುಗಿನ ಭಾರತವನ್ನು ಕೇಳಿ ಬೆಳೆದವರು ನಾವು. ಅಲ್ಲಿ ರಾಗವು ಮಾತಿನ ಊಳಿಗದಲ್ಲಿರುತ್ತದೆ. ಕೃಷ್ಣನು ಬಾಯ್ದೆರೆದರೆ ರಾಗ ಬದಿಗೆ ಸರಿದು ದಾರಿಕೊಡುತ್ತದೆ. ನಾನು ಅದೇ ಕೃಷ್ಣನನ್ನು ಈ ತಂತಿಯಲ್ಲಿ ಹುಡುಕುತ್ತ ಕುಳಿತೆನು. ಶಂಖನಾದವೆಲ್ಲಿ? ಗಾಂಡೀವ ಜಾರಿದ ಗಳಿಗೆ ಯಾವುದು? ವಿಶ್ವರೂಪಕ್ಕೆ ಯಾವ ಸ್ಥಾಯಿ? ಇಂಥ ಪ್ರಶ್ನೆಗಳೊಡನೆ ಮೂರು ನಾಲ್ಕು ಸಲ ಕೇಳಿದೆನು. ಏನೂ ದಕ್ಕಲಿಲ್ಲ. ರಥವಿಲ್ಲ, ಸೇನೆಯಿಲ್ಲ, ಅದೇ ಹೆಬ್ಬೆರಳು, ಅದೇ ಉಕ್ಕಿನ ತಂತಿ. ‘ಹೆಸರು ದೊಡ್ಡದು, ಸರಕು ಸಣ್ಣದು’ ಎಂದು ತೀರ್ಪು ಕೊಟ್ಟು ಎದ್ದೆನು.

ತೀರ್ಪು ತಪ್ಪೆಂದು ತಿಳಿದದ್ದು ಹೆಸರನ್ನು ಮರೆತು ಕೇಳಿದ ದಿನ. ಮುದ್ರಿಕೆಯನ್ನು ಮೊದಲಿನಿಂದ ಬಿಟ್ಟು ಬೇರೆ ಕೆಲಸದಲ್ಲಿದ್ದೆನಾದ್ದರಿಂದ ಯಾವ ಕೃತಿ ಎಲ್ಲಿ ಮುಗಿಯಿತೆಂಬ ಎಚ್ಚರವಿರಲಿಲ್ಲ. ಆಗ ಕೇಳಿದ್ದು ಇಷ್ಟು: ನಡೆಯುತ್ತಿರುವವನೊಬ್ಬನು ನಿಲ್ಲಲೋ ಬೇಡವೋ ಎಂದು ತಡೆಯುತ್ತಾನೆ, ಹೇಳಿದ್ದನ್ನೇ ಮತ್ತೆ ಹೇಳಿಕೊಳ್ಳುತ್ತಾನೆ, ಮತ್ತೆ ನಡೆಯುತ್ತಾನೆ. ಕೇಳಿದ ಪದಗುಚ್ಛ ಮತ್ತೆ ಬಂದಾಗ ಅದೇ ಸ್ವರಗಳಾಗಿದ್ದರೂ ಅದೇ ಅರ್ಥವಾಗಿರಲಿಲ್ಲ. ನಡುವೆ ನಡೆದ ದಾರಿ ಅದರ ಮೇಲೆ ಬಿದ್ದಿತ್ತು. ಗೀತೆಯ ಸಂದರ್ಭದಲ್ಲಿ ಹೊರಗೆ ನಡೆಯುವುದಾದರೂ ಏನು? ಎರಡು ಸೇನೆಗಳ ನಡುವೆ ಒಂದು ರಥ ನಿಂತಿದೆ. ಮುಂದಡಿಯಿಡಲಾರದವನೊಬ್ಬನು ಕಡೆಗೆ ಅಡಿಯಿಡಲು ಒಪ್ಪುತ್ತಾನೆ. ಯುದ್ಧವರ್ಣನೆಯನ್ನು ಹುಡುಕಿದ ನಾನು ಮೂಲವನ್ನೇ ಮರೆತಿದ್ದೆನು. ತಂತಿಯು ಕೃಷ್ಣನನ್ನು ವರ್ಣಿಸಲಿಲ್ಲ. ನಿಂತವನು ಮತ್ತೆ ಹೊರಡುವುದನ್ನು ತೋರಿಸಿತು.

ಹಾಗಾದರೆ ಹೆಸರು ಬೇಡವಾಗಿತ್ತೇ? ಇದಕ್ಕೆ ನನ್ನ ಉತ್ತರ ಹೀಗಿದೆ. ಮಾತಿಲ್ಲದ ಕೃತಿಗೆ ಇಟ್ಟ ಹೆಸರು ಅದರ ಅರ್ಥವಲ್ಲ. ಅದು ಮನೆಯ ಮುಂದಿನ ಜಗುಲಿ. ಬಂದವರು ಅಲ್ಲಿ ಸ್ವಲ್ಪ ಕುಳಿತು ದಣಿವಾರಿಸಿಕೊಳ್ಳಬಹುದು; ಆದರೆ ಜಗುಲಿಯಲ್ಲೇ ಕುಳಿತು ಮನೆಯನ್ನು ನೋಡಿದೆನೆಂದು ಹೇಳತಕ್ಕದ್ದಲ್ಲ. ನಾನು ಮೊದಲು ಮಾಡಿದ ತಪ್ಪು ಅದೇ. ಇದು ಶ್ರೋತೃವಿನ ತಪ್ಪಾದರೆ, ಕರ್ತೃವಿನದೂ ಒಂದುಂಟು. ಫೇಹಿಯ ಬಹು ಕೃತಿಗಳಿಗೆ ಉದ್ದುದ್ದನೆಯ, ವಿಚಿತ್ರವಾದ ಹೆಸರುಗಳಿವೆ. ಮುದ್ರಿಕೆಗಳ ಜೊತೆಯ ಟಿಪ್ಪಣಿಗಳಲ್ಲಿ ಪಂಡಿತರನ್ನು ಹಾಸ್ಯ ಮಾಡುವ ಕಟ್ಟುಕಥೆಗಳಿವೆ. ಸಂಗೀತವನ್ನು ಮಾತಿನಿಂದ ಬಿಡಿಸಿದವನು ಅದರ ಸುತ್ತ ಇಷ್ಟು ಮಾತನ್ನು ಬೆಳೆಸಿದ್ದು ಒಂದು ಅಂಜಿಕೆಯ ಗುರುತೆಂದು ನನಗೆ ತೋರುತ್ತದೆ. ತನ್ನ ತಂತಿಯ ಮೇಲೆ ಅವನು ಇಟ್ಟಿದ್ದ ನಂಬಿಕೆ ತಂತಿಯ ಯೋಗ್ಯತೆಗಿಂತ ಕಡಿಮೆಯಾಗಿತ್ತು.

ಇವನೊಡನೆ ಹೋಲಿಸಿ ನೋಡತಕ್ಕವನು ರಾಬಿ ಬಾಷೊ (೧೯೪೦-೧೯೮೬). ಇವನ ಮುದ್ರಿಕೆಗಳನ್ನೂ ಮೊದಲು ಟಕೋಮ ಪ್ರಕಾಶನವೇ ಹೊರತಂದಿತು. ಜಪಾನಿನ ಕವಿ ಬಾಷೊವಿನ ಹೆಸರನ್ನು ತನಗಿಟ್ಟುಕೊಂಡ ಈತನು ರವಿಶಂಕರರ ಸಿತಾರನ್ನು ಕೇಳಿ ಮಾರುಹೋಗಿ, ಉಸ್ತಾದ್ ಅಲಿ ಅಕ್ಬರ್ ಖಾನರಲ್ಲಿ ಪಾಠ ಹೇಳಿಸಿಕೊಂಡನು. ಅವನ ೧೯೬೫ರ ‘ದಿ ಸೀಲ್ ಆಫ್ ದಿ ಬ್ಲೂ ಲೋಟಸ್’ ಮೊದಲಾದವುಗಳಲ್ಲಿ ರಾಗವನ್ನು ಗಿಟಾರಿಗೆ ಇಳಿಸುವ ಹಂಬಲ ಎದ್ದುಕಾಣುತ್ತದೆ. ನಾದ ಭವ್ಯವಾದದ್ದು, ಭಕ್ತಿ ನಿಜವಾದದ್ದು. ಆದರೂ ರಾಗವನ್ನು ಬಲ್ಲ ಕಿವಿಗೆ ಅಲ್ಲಿ ರಾಗದ ವೇಷ ಕಾಣುವುದೇ ಹೊರತು ಜೀವಸ್ವರದ ಹಿಡಿತ ಕಾಣದು. ಮರದಲ್ಲಿ ನೆಟ್ಟ ಮೆಟ್ಟಿಲುಗಳ ಮೇಲೆ ನೇರವಾಗಿ ಬೆರಳೂರಿ ನುಡಿಸಿದಾಗ ಸ್ವರದಿಂದ ಸ್ವರಕ್ಕೆ ಜಾರುವ ದಾರಿ ಮುಚ್ಚಿಹೋಗುತ್ತದೆ. ಅದೇ ಉಸ್ತಾದರ ಶಿಷ್ಯರಾದ ಬ್ರಿಜ್ ಭೂಷಣ್ ಕಾಬ್ರಾ ಅವರು ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ಗಿಟಾರನ್ನು ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ, ಮೆಟ್ಟಿಲುಗಳ ಹಂಗನ್ನೇ ಕಳೆದರು. ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯ ಅವರೊಡನೆ ಕೂಡಿ ಅವರು ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ನಮ್ಮ ದೇಶದಲ್ಲಿ ಬಹು ಮನೆಗಳನ್ನು ಮುಟ್ಟಿದ ಮುದ್ರಿಕೆ. ಈ ದಾರಿಯಲ್ಲೇ ಮುಂದೆ ಹೋಗಿ ‘ಮೋಹನವೀಣೆ’ಯನ್ನು ರೂಪಿಸಿದ ವಿಶ್ವಮೋಹನ ಭಟ್ಟರಿಗೆ ಅಮೆರಿಕದ ರೈ ಕೂಡರನೊಡನೆ ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಒಬ್ಬ ಗುರುವಿನ ಇಬ್ಬರು ಶಿಷ್ಯರಲ್ಲಿ ಒಬ್ಬನು ವಾದ್ಯದ ಸ್ವಭಾವವನ್ನು ಬಿಡದೆ ರಾಗವನ್ನು ಬಯಸಿದನು, ಮತ್ತೊಬ್ಬರು ರಾಗಕ್ಕಾಗಿ ವಾದ್ಯದ ಸ್ವಭಾವವನ್ನೇ ಬದಲಿಸಿದರು. ಫೇಹಿಯು ನಮ್ಮಿಂದ ತೆಗೆದುಕೊಂಡದ್ದು ಇವರಿಬ್ಬರಿಗಿಂತ ಕಡಿಮೆ: ಆಧಾರಶ್ರುತಿಯ ನೆಮ್ಮದಿ, ಅವಸರವಿಲ್ಲದ ವಿಸ್ತಾರ, ಇಷ್ಟೇ. ಕಡಿಮೆ ತೆಗೆದುಕೊಂಡದ್ದರಿಂದಲೇ ಅವನಿಗೆ ಅದು ಅರಗಿತೆಂದು ನನ್ನ ಅಭಿಪ್ರಾಯ.

ಚಮತ್ಕಾರದ ವಿಚಾರವಾಗಿ ಒಂದು ಮಾತು. ಫೇಹಿಯ ತರುವಾಯ ಬಂದ ವಾದಕರಲ್ಲಿ ಅವನಿಗಿಂತ ಕೈಚಳಕದಲ್ಲಿ ಮೇಲಾದವರು ಹಲವರಿದ್ದಾರೆ. ಟಕೋಮದಿಂದಲೇ ೧೯೬೯ರಲ್ಲಿ ಮುದ್ರಿಕೆ ಹೊರಡಿಸಿದ ಲಿಯೊ ಕಾಟ್ಕೆಯ ವೇಗ ಬೆರಗುಗೊಳಿಸುವಂಥದು. ೧೯೯೭ರಲ್ಲಿ ಅಕಾಲಮರಣಕ್ಕೆ ತುತ್ತಾದ ಮೈಕೇಲ್ ಹೆಡ್ಜಸ್ ಎಂಬಾತನು ಎರಡು ಕೈಗಳ ಬೆರಳುಗಳನ್ನೂ ಮೆಟ್ಟಿಲುಗಳ ಮೇಲೆ ಬಡಿದು, ವಾದ್ಯದ ಒಡಲನ್ನು ಮೃದಂಗದಂತೆ ತಟ್ಟಿ ನುಡಿಸುತ್ತಿದ್ದನು. ಅವನ ೧೯೮೪ರ ‘ಏರಿಯಲ್ ಬೌಂಡರೀಸ್’ ಕೇಳಿದವರು ಒಂದೇ ಗಿಟಾರೆಂದು ನಂಬುವುದು ಕಷ್ಟ. ಅದ್ಭುತವೂ ಒಂದು ರಸವೇ, ಅದನ್ನು ತುಚ್ಛೀಕರಿಸಲಾಗದು. ಆದರೆ ಕೇಳಿ ಮುಗಿದ ಮೇಲೆ ‘ಹೇಗೆ ಮಾಡಿದನು?’ ಎಂಬ ಪ್ರಶ್ನೆ ಮಾತ್ರ ಉಳಿದರೆ ಚಮತ್ಕಾರ ಗೆದ್ದಂತೆ. ಆ ಪ್ರಶ್ನೆ ಮರೆತುಹೋಗಿ ಧಾಟಿ ಉಳಿದರೆ ಸಂಗೀತ ಗೆದ್ದಂತೆ. ಹೆಡ್ಜಸನ ಆ ಕೃತಿ ಎರಡನೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗುತ್ತದೆ. ಅವನನ್ನು ಅನುಕರಿಸಿದವರದು ಎಲ್ಲವೂ ಆಗುವುದಿಲ್ಲ. ಫೇಹಿಯಲ್ಲಿ ಮೊದಲನೆಯ ಪ್ರಶ್ನೆಯೇ ಏಳುವುದಿಲ್ಲ. ಕಲಿತವನು ಯಾರಾದರೂ ನುಡಿಸಬಹುದೆನ್ನುವಂತೆ ನುಡಿಸುತ್ತಾನೆ; ಆದರೆ ಅವನ ಆ ತಡೆತ ಇನ್ನೊಬ್ಬರ ಕೈಗೆ ಬರುವುದು ಅಪೂರ್ವ.

ಅವನ ಕಡೆಯ ದಿನಗಳು ಸುಖದವಲ್ಲ. ಅನಾರೋಗ್ಯದಿಂದಲೂ ಕುಡಿತದಿಂದಲೂ ಕುಗ್ಗಿ, ಆರೆಗನ್ ಸೀಮೆಯ ಸೇಲಮ್ ಪಟ್ಟಣದಲ್ಲಿ ಬಡತನದಲ್ಲಿ ಕಾಲ ಕಳೆದನು. ಗಿಟಾರುಗಳನ್ನು ಒತ್ತೆಯಿಟ್ಟು, ಅಗ್ಗದ ವಸತಿಗೃಹಗಳಲ್ಲಿಯೂ ಧರ್ಮಛತ್ರದಲ್ಲಿಯೂ ಇದ್ದನು. ತಂದೆಯಿಂದ ಒಂದಿಷ್ಟು ಆಸ್ತಿ ಬಂದಾಗ ಅದನ್ನು ತೊಡಗಿಸಿ ೧೯೯೬ರಲ್ಲಿ ಹಳೆಯ ಸಂಗೀತವನ್ನು ಪುನರ್ಮುದ್ರಿಸುವ ಹೊಸ ಪ್ರಕಾಶನವನ್ನು ಪಾಲುದಾರನೊಬ್ಬನೊಡನೆ ಕಟ್ಟಿದನು. ೨೦೦೧ರ ಫೆಬ್ರವರಿಯಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ, ತೀರಿಕೊಂಡನು. ಅದೇ ವರ್ಷ ಆ ಪ್ರಕಾಶನದಿಂದ ಚಾರ್ಲಿ ಪ್ಯಾಟನ್ನನ ಹಾಡುಗಳ ದೊಡ್ಡ ಸಂಗ್ರಹ ಹೊರಬಂತು. ೨೦೦೩ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಗಳು ಸಂದವು. ಹುಡುಗನಾಗಿದ್ದಾಗ ಕುರುಡ ಗಾಯಕರ ಹೆಸರನ್ನು ಅಣಕಿಸಿದವನು ಕೈಯಲ್ಲಿದ್ದ ಕಡೆಯ ಹಣವನ್ನು ಅವರ ಹಾಡು ಉಳಿಯಲೆಂದು ಕೊಟ್ಟನು. ಮೇಲೆ ಹೇಳಿದ ಆಕ್ಷೇಪಣೆಗೆ ಇದಕ್ಕಿಂತ ಒಳ್ಳೆಯ ಸಮಾಧಾನವನ್ನು ನಾನು ಕಾಣೆನು.

ಇನ್ನು ನನ್ನ ಹಿರಿಯ ಮಿತ್ರರ ಪ್ರಶ್ನೆಗೆ ಬರೋಣ. ಫೇಹಿಯನ್ನು ಅಳಿಸಿದ ಆ ಬ್ಲೈಂಡ್ ವಿಲ್ಲಿ ಜಾನ್ಸನ್ನನು ೧೯೨೭ರಲ್ಲಿ ಮುದ್ರಿಸಿದ ‘ಡಾರ್ಕ್ ವಾಸ್ ದಿ ನೈಟ್’ ಎಂಬ ಹಾಡೊಂದಿದೆ. ಹಾಡೆಂದರೂ ಅದರಲ್ಲಿ ಒಂದು ಮಾತೂ ಇಲ್ಲ. ಗಾಯಕನು ಬರಿದೆ ನರಳುತ್ತಾನೆ, ಗುನುಗುತ್ತಾನೆ. ಜಾರುವ ತಂತಿ ಅದಕ್ಕೆ ದನಿಗೂಡಿಸುತ್ತದೆ. ೧೯೭೭ರಲ್ಲಿ ಅಮೆರಿಕದವರು ಎರಡು ವಾಯೆಜರ್ ನೌಕೆಗಳನ್ನು ಆಕಾಶಕ್ಕೆ ಕಳುಹಿಸಿದಾಗ, ಅನ್ಯಲೋಕದಲ್ಲಿ ಯಾರಾದರೂ ಇದ್ದರೆ ಕೇಳಲೆಂದು ಅವುಗಳಲ್ಲಿಟ್ಟ ಬಂಗಾರದ ಲೇಪದ ತಟ್ಟೆಯಲ್ಲಿ ಈ ಹಾಡನ್ನೂ ಸೇರಿಸಿದರು. ಅದೇ ತಟ್ಟೆಯಲ್ಲಿ ಐವತ್ತೈದು ಭಾಷೆಗಳ ಕುಶಲವಚನಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ನಮ್ಮ ಮಾತೂ ಆ ಕುರುಡನ ಮಾತಿಲ್ಲದ ನರಳಿಕೆಯೂ ಈಗ ಸೂರ್ಯಮಂಡಲದ ಗಾಳಿಯನ್ನು ದಾಟಿ ಜೊತೆಯಾಗಿ ಹೋಗುತ್ತಿವೆ. ಕನ್ನಡ ಬಾರದವನಿಗೆ ಆ ಕನ್ನಡವಚನ ತಿಳಿಯದು. ಆ ನರಳಿಕೆ ತಿಳಿದೀತೋ ಇಲ್ಲವೋ ಹೇಳುವವರಾರು? ಆದರೆ ಇಲ್ಲಿ, ಈ ಭೂಮಿಯ ಮೇಲೆ, ಅದು ಯಾವ ಭಾಷೆಯವನಿಗೂ ಅನುವಾದವನ್ನು ಬೇಡುವುದಿಲ್ಲವೆಂಬುದು ನಾನೇ ಕೇಳಿ ಬಲ್ಲ ಸಂಗತಿ.

ಈ ಸಂಗೀತವನ್ನು ಹೊಸದಾಗಿ ಕೇಳಬಯಸುವ ವಾಚಕರಿಗೆ ನನ್ನ ಅನುಭವದಿಂದ ಎರಡು ಮಾತು. ಮೊದಲ ಸಲ ಹೆಬ್ಬೆರಳನ್ನೇ ಹಿಂಬಾಲಿಸಿ. ಮೇಲಿನ ಧಾಟಿ ತಾನಾಗಿ ಸಿಕ್ಕುತ್ತದೆ. ಎರಡನೆಯ ಸಲ ಸ್ವರಗಳು ಹುಟ್ಟುವುದನ್ನು ಬಿಟ್ಟು ಆರುವುದನ್ನು ಕೇಳಿ. ಕೃತಿಯ ಹೆಸರನ್ನು ಕಡೆಗೆ ಓದಿಕೊಂಡರೆ ಸಾಕು. ಬೇಸರವಾದರೆ ಎದ್ದುಹೋಗಬಹುದು, ನಾನೂ ಎದ್ದುಹೋದವನೇ. ಆದರೆ ಎರಡು ದಿನ ಕಳೆದ ಮೇಲೆ ಅದು ಬಾಗಿಲಿಗೆ ಬಂದರೆ ಬಾಗಿಲು ತೆಗೆಯಬೇಕು.

ಮಾತೇ ಇಲ್ಲದ ಕಡೆ ನಮಗೇನು ಕೆಲಸವೆಂದು ಮಿತ್ರರು ಕೇಳಿದರು. ಅಲ್ಲಿಂದ ಮರಳಿ ಬಂದಮೇಲೆ ಮಾತನ್ನು ಇನ್ನಷ್ಟು ಎಚ್ಚರದಿಂದ ಆಡುವುದನ್ನು ಕಲಿಯುತ್ತೇವೆ. ನಮ್ಮ ಕೆಲಸ ಅದೆಂದು ತಿಳಿದಿದ್ದೇನೆ. ಮುಂದಿನ ತಿಂಗಳ ಸಭೆಯ ತರುವಾಯ ಅವರು ಅರ್ಧ ಗಂಟೆ ನನ್ನೊಡನೆ ಕುಳಿತು ಈ ಮುದ್ರಿಕೆಯನ್ನು ಕೇಳುವುದಾಗಿ ಒಪ್ಪಿಕೊಂಡಿದ್ದಾರೆ. ಐದು ನಿಮಿಷಕ್ಕೆ ‘ಹಾಡು ಯಾವಾಗ?’ ಎಂದು ಅವರು ಕೇಳಿದರೆ ನಾನು ನಗುವುದಿಲ್ಲ.